ಮೂರು ಮಾತ್ರೆಯ ಪಾಲುಪಟ್ಟಿ

"ನೆಗಡಿನಾ ಭಟ್ರೇ? ಒಂದು ಅಜಿತ್ರೋ ಹಾಕ್ಕೊಳ್ಳಿ" ಅಂತ ಸೀನ ಜೇಬಿನಿಂದ ಅಜಿತ್ರೋಮೈಸಿನ್ ಅನ್ನೋ ಆ್ಯಂಟಿಬಯೋಟಿಕ್ಕಿನ ಸ್ಟ್ರಿಪ್ ತೆಗೆದ. ಮೂರರಲ್ಲಿ ಒಂದೇ ಉಳಿದಿತ್ತು.

"ಇನ್ನೆರಡು?" ಅಂದರು ರಾಯರು.

"ಒಂದು ನಂಗೆ, ಒಂದು ಅವಳಿಗೆ. ಅವಳಿಗೂ ಮೂಗು ಸೋರ್ತಿತ್ತು."

"ಸರಿ, ಪಾಲುಪಟ್ಟಿ ಆಯ್ತು. ರಿಜಿಸ್ಟ್ರಿ ಯಾವತ್ತು? 500 ಮಿಲಿಗ್ರಾಂ, ದಿನಕ್ಕೊಂದು, ಮೂರು ದಿನ, ಒಬ್ಬರಿಗೇ. ಅದೂ ಡಾಕ್ಟ್ರು ಬರೆದಿದ್ರೆ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದೆಯಲ್ಲ, ಯಾಕೆ ಗೊತ್ತಾ?"

"ಸ್ಟ್ರಾಂಗ್ ಮಾತ್ರೆ ಅಂತ."

"ಚೀಟಿ ಇಲ್ಲದೆ ಮುಟ್ಟಬೇಡ ಅಂತ!"

"ಕೆಲಸ ಮಾಡ್ತಲ್ಲ ರಾಯರೇ! ಐದೇ ದಿನಕ್ಕೆ ನೆಗಡಿ ಮಾಯ."

"ನುಂಗದಿದ್ರೂ ಐದೇ ದಿನ. ನೆಗಡಿ ವೈರಸ್ಸಿಂದು ಕಣಯ್ಯಾ. ಅಜಿತ್ರೋ ಬ್ಯಾಕ್ಟೀರಿಯಾದ ರೈಬೋಸೋಮ್ ಅನ್ನೋ ಪ್ರೋಟೀನ್ ಕಾರ್ಖಾನೆಗೆ ಅಂಟಿಕೊಂಡು ಅದಕ್ಕೆ ಪ್ರೋಟೀನ್ ಮಾಡ್ಕೊಳ್ಳೋಕೆ ಬಿಡಲ್ಲ. ವೈರಸ್ಸಿಗೆ ಸ್ವಂತ ರೈಬೋಸೋಮೇ ಇಲ್ಲ. ಪೆನಿಸಿಲಿನ್ ಜಾತಿಯ ಅಮಾಕ್ಸಿಸಿಲಿನ್ ಅನ್ನೋ ಇನ್ನೊಂದು ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾದ ಹೊರಗೋಡೆ ಕೆಡಿಸುತ್ತೆ. ವೈರಸ್ಸಿಗೆ ಆ ಗೋಡೆಯೂ ಇಲ್ಲ. ನಮ್ಮ ಜೀವಕೋಶಕ್ಕೂ ಇಲ್ಲ, ಅದಕ್ಕೇ ನಾವು ಬಚಾವು. ಪೆನಿಸಿಲಿನ್ ಅಲರ್ಜಿ ಇದ್ದವರು ಮಾತ್ರ ಮೊದಲೇ ಹೇಳಿಬಿಡಬೇಕು. ಮುಖ ಊದಿ ಉಸಿರು ಕಟ್ಟಿದ್ರೆ ಸೀದಾ ಆಸ್ಪತ್ರೆ."

ಸರಸಮ್ಮನವರಿಗೆ ಹೊಳೆಯಿತು. "ನಾನಂತೂ ಡಾಕ್ಟ್ರು ಸಿಪ್ರೋ ಅನ್ನೋ ಆ್ಯಂಟಿಬಯೋಟಿಕ್ ಕೊಟ್ಟಾಗ ಮಜ್ಜಿಗೇಲೇ ನುಂಗಿದ್ದು. ಹೀಟು ನೋಡಿ!"

"ಮಾತ್ರೆಯಲ್ಲಿ ಒಂದಷ್ಟು ಮಜ್ಜಿಗೆ ಪಾಲು. ಕ್ಯಾಲ್ಸಿಯಂ ಅದನ್ನ ಹಿಡ್ಕೊಂಡು ರಕ್ತಕ್ಕೆ ಸೇರೋಕೆ ಬಿಡಲ್ಲ. ಕಬ್ಬಿಣದ ಮಾತ್ರೆ, ಅಸಿಡಿಟಿ ಔಷಧಿಯ ಕಥೆಯೂ ಅದೇ. ಅವನ್ನ ತಗೊಳ್ಳೋ ಎರಡು ಗಂಟೆ ಮುಂಚೆ ಸಿಪ್ರೋ ಆಗಬೇಕು, ಇಲ್ಲ ಆರು ಗಂಟೆ ಆಮೇಲೆ. ಹಿಮ್ಮಡಿ ಹಿಂದೆ ನೋವು ಬಂದ್ರೆ ನಿಲ್ಲಿಸಿ ಡಾಕ್ಟ್ರಿಗೆ ತೋರಿಸಬೇಕು. ಇಲಿಜ್ವರಕ್ಕೆ ಕೊಡೋ ಡಾಕ್ಸಿಸೈಕ್ಲಿನ್ ಮಾತ್ರೆಗೆ ಲೋಟದ ತುಂಬಾ ನೀರು. ನುಂಗಿ ಅರ್ಧ ಗಂಟೆ ಮಲಗೋ ಹಾಗಿಲ್ಲ, ಅನ್ನನಾಳದಲ್ಲೇ ಕೂತು ಹುಣ್ಣು ಮಾಡುತ್ತೆ."

"ಒಂದು ಮಾತ್ರೆಗೆ ಇಷ್ಟು ಮಡಿಯಾ!" ಸೀನ ನಕ್ಕ. "ಹೋಗ್ಲಿ, ನನ್ನ ಒಂದು ಅಜಿತ್ರೋದಿಂದ ಯಾರಿಗೇನು ನಷ್ಟ?"

"ಅದರ ಅಂಶ ದಿನಗಟ್ಟಲೆ ಮೈಯಲ್ಲಿರುತ್ತೆ. ನಿನ್ನ ಕರುಳಲ್ಲಿ ತಮ್ಮ ಪಾಡಿಗೆ ತಾವಿದ್ದ ಬ್ಯಾಕ್ಟೀರಿಯಾಗಳಲ್ಲಿ ಸಾಯೋವು ಸಾಯ್ತವೆ, ಜಗ್ಗದವು ವಂಶ ಬೆಳೆಸ್ತವೆ. ಜಗ್ಗದಿರೋ ಆ ವಿದ್ಯೆಯನ್ನ ಪ್ಲಾಸ್ಮಿಡ್ ಅನ್ನೋ ಡಿಎನ್‌ಎ ತುಣುಕಲ್ಲಿ ಅಕ್ಕಪಕ್ಕದವಕ್ಕೂ ಹಂಚ್ತವೆ. ಥೇಟ್ ನಿನ್ನ ಹಾಗೇ."

ಭಟ್ಟರು ಸೀನುತ್ತಲೇ ನಕ್ಕರು. ರಾಯರು ನಗಲಿಲ್ಲ.

"ಟೈಫಾಯ್ಡಿಗೆ ಕ್ಲೋರಾಂಫೆನಿಕಾಲ್ ಅಂತಿತ್ತು. ಬಂದಾಗ ಅಮೃತ ಅಂದ್ರು, ಸೋತಿತು. ಆಮೇಲೆ ಸಿಪ್ರೋ, ನಮ್ಮಲ್ಲಿ ಅದೂ ಹೆಚ್ಚುಕಡಿಮೆ ಸೋತಿದೆ. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಲ್ಲಿ ಶುರುವಾದ ಟೈಫಾಯ್ಡಿಗಂತೂ ನುಂಗೋ ಮಾತ್ರೆಗಳಲ್ಲಿ ನೆಚ್ಚಿಕೊಳ್ಳೋಕೆ ಉಳಿದದ್ದು ಒಂದೇ. ಯಾವುದು ಅಂತ ಜೇಬು ಮುಟ್ಟಿ ನೋಡ್ಕೊ."

ಸೀನ ಸ್ಟ್ರಿಪ್ಪನ್ನು ತಿರುಗಿಸಿ ಮುರುಗಿಸಿ ನೋಡಿದ.

"ಹಾಗಾದ್ರೆ ನನ್ನ ನೆಗಡಿಗೆ?" ಭಟ್ಟರದ್ದು ಭಟ್ಟರಿಗೆ.

"ಬಿಸಿನೀರು, ವಿಶ್ರಾಂತಿ. ಮೈ ಸುಟ್ರೆ ಪ್ಯಾರಾಸಿಟಮಾಲ್. ಜ್ವರ ಮೂರು ದಿನ ಬಿಡದಿದ್ರೆ, ಇಲ್ಲ ಉಸಿರಾಡೋಕೆ ಕಷ್ಟ ಆದ್ರೆ ಡಾಕ್ಟ್ರ ಹತ್ರ ಹೋಗಿ. ಇಲ್ಲಾಂದ್ರೆ ಒಂದು ವಾರ ಸುಮ್ನಿರಿ."

"ಸುಮ್ನಿರಿ ಅನ್ನೋ ಡಾಕ್ಟ್ರಿಗೆ ಯಾರು ಫೀಸು ಕೊಡ್ತಾರೆ ರಾಯರೇ?"

"ಯಾರೂ ಕೊಡಲಿಲ್ಲ. ಅದಕ್ಕೇ ಅವರೂ ಅಜಿತ್ರೋ ಬರೆಯೋಕೆ ಶುರು ಮಾಡಿದ್ದು."