ಗಿಡ್ಡಗೂದಲಿನ ಹಸು ಬೇಕಾ, ಬೇವಿನ ನೆರಳು ಬೇಕಾ?

ಗುಂಪು: ಚಳ್ಳಕೆರೆ ಮನೆ

ಅಣ್ಣ: ಫಾರ್ವರ್ಡ್: ಅಮೆರಿಕದಲ್ಲಿ ಜೀನ್ ತಿದ್ದಿದ ಗಿಡ್ಡಗೂದಲಿನ ದನಕ್ಕೆ 2022ರಲ್ಲಿ ಹಸಿರು ನಿಶಾನೆ. ಬಿಸಿಲು ತಡೆಯುತ್ತೆ.

ಅಣ್ಣ: ಇದರ ಸೆಮೆನ್ ನಮ್ಮೂರಿಗೆ ಬಂದ್ರೆ ಎಚ್‌ಎಫ್ ಸೀಮೆ ಹಸು ಕಟ್ಟಿದೋರ ಕಷ್ಟ ಕಳೀತು. ಏಪ್ರಿಲ್ ಬಂತಂದ್ರೆ ನಮ್ಮ ಕರಿ ಹಸು ದಿನಕ್ಕೆ ನಾಲ್ಕು ಲೀಟರ್ ಇಳಿಸ್ತೈತೆ.

ದೊಡ್ಡಪ್ಪ: ಅಲ್ಲಿಂದ ಯಾಕ್ ತರ್ಬೇಕು? ಮೇವಿನ ಕಾವಲಿನ ಅಮೃತಮಹಲ್ ದನ ಮಟಮಟ ಮಧ್ಯಾಹ್ನ ಮೇಯ್ತೈತೆ. ದನ ಕಾಯೋ ಮ್ಯಾಸ ನಾಯಕರ ದೇವರ ಎತ್ತುಗಳಿಗೆ ಯಾರು ಫ್ಯಾನ್ ಹಾಕವ್ರೆ?

ಅಣ್ಣ: ದೊಡ್ಡಪ್ಪ, ಅಮೃತಮಹಲ್ ಕರೆದು ಡೇರಿಗೆ ಹಾಕಿ ಸಾಲ ತೀರಿಸೋಕಾಗುತ್ತಾ? ಅದು ಎಳೆಯೋಕೆ ಬೆಳೆಸಿದ ತಳಿ.

ದೊಡ್ಡಪ್ಪ: ಸೀಮೆ ಹಸು ನಾಲಿಗೆ ಹೊರಗೆ ಹಾಕಿ ತೇಕೋದು ನನ್ನ ಕೈಲಿ ನೋಡೋಕಾಗಲ್ಲ ಕಣೋ. ಮೂಕಪ್ರಾಣಿ ಅದು.

ನಾನು: ಅಣ್ಣ, ನೀನು ಕಳಿಸಿದ್ದು ಪೂರ್ತಿ ಓದಿದೆ. ಅದು ಮಾಂಸಕ್ಕೆ ಸಾಕೋ ದನ, ಹಾಲಿಗಲ್ಲ. ಆ ಗುಣ ಲ್ಯಾಬಲ್ಲಿ ಹುಟ್ಟಿದ್ದೂ ಅಲ್ಲ. ಕೆರಿಬಿಯನ್ ದ್ವೀಪದ ಸೆನೆಪೋಲ್ ತಳೀಲಿ ಮೊದಲಿಂದ ಇತ್ತು. ಪ್ರೊಲ್ಯಾಕ್ಟಿನ್ ಹಾರ್ಮೋನಿಗೆ ಸಂಬಂಧಿಸಿದ ಒಂದು ಜೀನಲ್ಲಿ ಸಣ್ಣ ವ್ಯತ್ಯಾಸ, ಅಷ್ಟೇ. ಬರೀ ಸಂಕರದಿಂದಲೇ ಅದನ್ನ ಎಚ್‌ಎಫ್‌ಗೂ ತಂದಿದಾರೆ. ಅಂಥ ಹಸುಗೆ ಬೇಸಿಗೇಲಿ ಹಾಲು ಇಳಿಯೋದು ಬೇರೆ ಎಚ್‌ಎಫ್‌ಗಿಂತ ಕಮ್ಮಿ.

ಅಣ್ಣ: ನಾನು ಹೇಳಿದ್ದೂ ಅದೇ!

ನಾನು: ಕಮ್ಮಿ ಇಳಿಯುತ್ತೆ ಅಂದೆ, ಇಳಿಯೋದೇ ಇಲ್ಲ ಅನ್ಲಿಲ್ಲ. ಕಾವು ಹೊರಗಿಂದಷ್ಟೇ ಬರಲ್ಲ. ಮೇವು ಹೊಟ್ಟೇಲಿ ಹುದುಗುವಾಗ, ಕೆಚ್ಚಲಲ್ಲಿ ಹಾಲು ಕೂಡುವಾಗ ಮೈಯೊಳಗೇ ಏಳುತ್ತೆ. ಉಷ್ಣತೆ, ತೇವ ಎರಡೂ ಸೇರಿಸಿ ಹಾಕೋ ಸೂಚ್ಯಂಕ 72 ದಾಟಿದ್ರೆ ಹಸುಗೆ ತೊಂದ್ರೆ ಅಂತ ಹಿಂದೆ ಹೇಳ್ತಿದ್ರು. ಹೆಚ್ಚು ಕರೆಯೋ ಹಸುಗಳಲ್ಲಿ ಮತ್ತೆ ಅಳೆದಾಗ ಅದು 68ಕ್ಕೇ ಬಂತು. ಹಾಲೊಂದನ್ನೇ ನೋಡಿ ಹೋರಿ ಆರಿಸುತ್ತಾ ಬಂದ್ರೆ ಆಗೋದೇ ಹಿಂಗೆ. ಆಸ್ಟ್ರೇಲಿಯಾದೋರು 2017ರಿಂದ ಬಿಸಿಲು ತಡೆಯೋ ಗುಣಕ್ಕೂ ಹೋರಿಗಳಿಗೆ ಅಂಕ ಕೊಡ್ತಿದಾರೆ. ಹಾಲಲ್ಲಿ ಮುಂದಿರೋದು ಆ ಗುಣದಲ್ಲಿ ಹಿಂದೆ ಬೀಳೋದೇ ಹೆಚ್ಚು.

ದೊಡ್ಡಪ್ಪ: ಹಂಗಾರೆ ನಾಟಿ ಹಸುನೇ ಸೈ ಅನ್ನು.

ನಾನು: ನಾಟಿ ದನಕ್ಕೆ ಬೆವರ ಗ್ರಂಥಿ ದೊಡ್ಡದು, ಒಳಗಿನ ಕಾವು ಕಮ್ಮಿ. ಹಾಲೂ ಕಮ್ಮಿ ದೊಡ್ಡಪ್ಪ, ಅದನ್ನೂ ಒಪ್ಕೋಬೇಕು. ಆದ್ರೆ ಆ ರಕ್ತ ಉಳಿದಿದ್ರೆ ತಾನೆ ನಾಳೆ ಏನಾದ್ರೂ ಬೆಸೆಯೋದು? ಕುದಾಪುರದ ಕಡೆ ಎಷ್ಟು ಕಾವಲು ಸಂಶೋಧನಾ ಸಂಸ್ಥೆಗಳ ಕಾಂಪೌಂಡಿನೊಳಗೆ ಹೋಯ್ತು, ನೀವೇ ಕಂಡೋರು. ಅದನ್ನ ನೆನೆದ್ರೆ ನಂಗೆ ಸಂಕಟ ಆಗುತ್ತೆ.

ದೊಡ್ಡಪ್ಪ: ಹೂಂ ಮಗಾ.

ಅಣ್ಣ: ಈ ಬೇಸಿಗೆಗೆ ನಾನೇನ್ ಮಾಡ್ಲಿ, ಅದು ಹೇಳು.

ನಾನು: ನಮ್ಮದು ಒಣ ಬಿಸಿಲು, ಮಂಗಳೂರಿನಂಗಲ್ಲ. ಬೆನ್ನು ನೆನೆಸಿ ಫ್ಯಾನ್ ಹಾಕು, ನೀರು ಆರುವಾಗ ಕಾವನ್ನೂ ಎಳ್ಕೊಂಡು ಹೋಗುತ್ತೆ. ಹಿಂಡಿ, ಬೂಸಾ ನಸುಕಿಗೆ, ರಾತ್ರಿಗೆ ಇಡು. ಕುಡಿಯೋ ನೀರು ಸದಾ ಮುಂದೆ ಇರ್ಲಿ. ಇನ್ನೊಂದು. ಬತ್ತಿದ ಗಬ್ಬದ ಹಸು ಹಾಲು ಕೊಡಲ್ಲ ಅಂತ ಎಲ್ಲರೂ ಅದನ್ನೇ ಬಿಸಿಲಿಗೆ ತಳ್ತಾರೆ. ಫ್ಲೋರಿಡಾದಲ್ಲಿ ನೋಡಿದಾರೆ, ಗಬ್ಬದ ಕಡೇ ವಾರಗಳಲ್ಲಿ ತಾಯಿ ಧಗೆಗೆ ಸಿಕ್ಕಿದ್ರೆ ಹುಟ್ಟೋ ಹೆಣ್ಣುಗರು ಬೆಳೆದ ಮೇಲೂ ಹಾಲು ಕಮ್ಮಿ ಕೊಡುತ್ತೆ.

ಅಮ್ಮ: ಕೆಂಚಿ ಈಗ ಎಂಟು ತಿಂಗಳ ಗಬ್ಬ. ಹಿತ್ತಲ ತಗಡಿನ ಸೂರಿನ ಕೆಳಗೇ ಕಟ್ಟವ್ನೆ ನಿಮ್ಮಣ್ಣ.

ಅಣ್ಣ: ನಾಳೆ ಬೇವಿನ ಮರದ ಕೆಳಗೆ ಕಟ್ತೀನಿ ಬಿಡಮ್ಮ.

ದೊಡ್ಡಪ್ಪ: ನಾಳೆ ಯಾಕ್ಲಾ? ಗಂಟೆ ಹನ್ನೆರಡೂವರೆ. ಈಗ್ಲೇ ಹೋಗಿ ಬಿಚ್ಚು.