ಹ್ಯಾಂಡ್‌ಬ್ರೇಕ್ ಮೇಲೆ ಬರುತ್ತಿದೆ, ಪೆಡಲ್ ಕೆಳಗೆ ಹೋಗುತ್ತಿದೆ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ, ಶಿರಸಿಯಿಂದ

ನಮ್ಮದು ಒಂಬತ್ತು ವರ್ಷದ ಚಿಕ್ಕ ಕಾರು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮನೆಯ ಅಂಗಳ ಇಳಿಜಾರು, ಆದ್ದರಿಂದ ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು ನಿಲ್ಲಿಸುವುದು ರೂಢಿ. ಆಷಾಢದಲ್ಲಿ ಮೂರು ವಾರ ಊರಿನಲ್ಲಿರಲಿಲ್ಲ. ಬಂದು ಲಿವರ್ ಇಳಿಸಿದರೆ ಹಿಂದಿನ ಎಡಗಾಲಿ ಅಲುಗಲೇ ಇಲ್ಲ. ಹಿಂದೆ ಮುಂದೆ ಆಡಿಸಿದ ಮೇಲೆ ಠಪ್ಪೆಂದು ಸದ್ದಾಗಿ ಬಿಟ್ಟುಕೊಂಡಿತು. ಈಗ ಲಿವರ್ ಟಕ್ ಟಕ್ ಎಂದು ಹತ್ತು ಹಲ್ಲು ಮೇಲೆ ಬಂದರೂ ಕಾರು ಜಾರುತ್ತದೆ. ಬ್ರೇಕ್ ಪೆಡಲ್ ಕೂಡ ಮೊದಲಿಗಿಂತ ಎರಡು ಬೆರಳು ಕೆಳಗೆ ಹೋಗಿ ಹಿಡಿಯುತ್ತದೆ. ಗ್ಯಾರೇಜಿನವರು ಕೇಬಲ್ ಬಿಗಿ ಮಾಡಿದರೆ ಸಾಕು ಎನ್ನುತ್ತಾರೆ. ಮುಂದಿನ ವಾರ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವುದಿದೆ. ಏನು ಮಾಡಲಿ?

ಹುಬ್ಬಳ್ಳಿಯಿಂದ, ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವನು

ಕೇಬಲ್ ಮುಟ್ಟಿಸಬೇಡಿ, ಮೊದಲು ಡ್ರಮ್ ಬಿಚ್ಚಿಸಿ.

ಪೆಡಲ್ ತುಳಿದರೆ ಬ್ರೇಕ್ ಆಯಿಲ್‌ನ ಒತ್ತಡ ನಾಲ್ಕೂ ಗಾಲಿಗೆ ಹೋಗುತ್ತದೆ. ಲಿವರ್ ಎಳೆದರೆ ತಂತಿ ಹಿಂದಿನ ಎರಡನ್ನು ಮಾತ್ರ ಹಿಡಿಯುತ್ತದೆ. ದಾರಿ ಬೇರೆಯಾದರೂ ಹಿಂದಿನ ಡ್ರಮ್ಮಿನೊಳಗೆ ಎರಡೂ ಒತ್ತುವುದು ಅದೇ ಜೋಡಿ ಶೂಗಳನ್ನು, ಅಂದರೆ ಡ್ರಮ್ಮಿನ ಒಳಗೋಡೆಗೆ ಉಜ್ಜಿ ಗಾಲಿ ನಿಲ್ಲಿಸುವ ಬಾಗಿದ ಪಟ್ಟಿಗಳನ್ನು. ಕೇಬಲ್ ಮಾತ್ರ ಸಡಿಲವಾಗಿದ್ದರೆ ಲಿವರ್ ಮೇಲೆ ಬರುತ್ತದೆ, ಪೆಡಲಿಗೆ ಏನೂ ಆಗುವುದಿಲ್ಲ. ನಿಮ್ಮಲ್ಲಿ ಎರಡೂ ಒಟ್ಟಿಗೆ ಕೆಟ್ಟಿವೆ. ಅಂದರೆ ಶೂ ಡ್ರಮ್ಮಿನಿಂದ ದೂರ ಸರಿದಿದೆ. ಶೂ ಸವೆದಷ್ಟೂ ಅದನ್ನು ಹತ್ತಿರ ತಳ್ಳಲು ಒಳಗೆ ಹಲ್ಲಿರುವ ಒಂದು ಪುಟ್ಟ ಅಡ್ಜಸ್ಟರ್ ಇರುತ್ತದೆ. ಮಲೆನಾಡಿನ ಕಾರುಗಳಲ್ಲಿ ಅದು ತುಕ್ಕು ತಿಂದು ಕುಳಿತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಈ ಸ್ಥಿತಿಯಲ್ಲಿ ಕೇಬಲ್ ಎಳೆದು ಬಿಗಿದರೆ ಲಿವರ್ ಸರಿಯಾದಂತೆ ಕಾಣುತ್ತದೆ, ಆದರೆ ಅಡ್ಜಸ್ಟರ್ ಕೆಲಸ ಮಾಡಲು ಇದ್ದ ಜಾಗವೂ ಹೋಗುತ್ತದೆ. ಮೊದಲು ಶೂ, ಆಮೇಲೆ ಕೇಬಲ್. ಈ ಕ್ರಮ ತಪ್ಪಿಸುವವರ ಹತ್ತಿರ ನಾನಂತೂ ಗಾಡಿ ಬಿಡುವುದಿಲ್ಲ.

ನಿಮ್ಮ ಆ ‘ಠಪ್’ ಸದ್ದು ನನಗೆ ಹಿಡಿಸಲಿಲ್ಲ. ಒದ್ದೆಯಾದ ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಂಡಾಗ, ಬಲವಂತದಿಂದ ಬಿಡಿಸಿದರೆ ಒಮ್ಮೊಮ್ಮೆ ಲೈನಿಂಗೇ, ಅಂದರೆ ಉಜ್ಜುವ ಪದರವೇ, ಶೂವಿನಿಂದ ಕಿತ್ತು ಬರುತ್ತದೆ. ಡ್ರಮ್ ಬಿಚ್ಚಿದಾಗ ನೀವು ಪಕ್ಕದಲ್ಲೇ ನಿಲ್ಲಿ. ಆಯಿಲ್ ಒತ್ತಡದಿಂದ ಶೂ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಸ್ವಲ್ಪ ಎತ್ತಿ ತೋರಿಸಲು ಹೇಳಿ. ಒಳಗೆ ಒದ್ದೆ ಇದ್ದರೆ ಸೋರಿಕೆ. ಆಯಿಲ್ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುತ್ತೇವೆ ಎಂದರೆ ಒಪ್ಪಬೇಡಿ. ಎಡ ಬಲ ಎರಡೂ ಕಡೆ ಹೊಸದು ಹಾಕಿಸಿ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಮಡಿಕೇರಿಯಿಂದ

ಮೇಲಿನವರು ರೋಗ ಹೇಳಿದರು, ನಾನು ಪಥ್ಯ ಹೇಳುತ್ತೇನೆ. ಮಳೆಗಾಲದಲ್ಲಿ ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ನಮ್ಮ ಮನೆಯಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವುದೇ ಇಲ್ಲ. ಸಮತಟ್ಟಾದ ಜಾಗ ನೋಡಿ ಗೇರಿನಲ್ಲಿ ಬಿಟ್ಟು, ಗಾಲಿಯ ಎರಡೂ ಕಡೆ ಹಲಸಿನ ಮರದ ಬೆಣೆ ಕೊಡುತ್ತೇವೆ. ಉರುಟು ಕಲ್ಲು ಬೇಡ, ಅದು ತಾನೇ ಉರುಳುತ್ತದೆ. ಮನೆ ತಲುಪುವ ಕೊನೆಯ ಅರ್ಧ ಕಿಲೋಮೀಟರಿನಲ್ಲಿ ನಾಲ್ಕಾರು ಸಲ ಮೆಲ್ಲಗೆ ಬ್ರೇಕ್ ಒತ್ತಿದರೆ ಶೂ ಬಿಸಿಯಾಗಿ ಒಣಗುತ್ತದೆ.

ಇಳಿಜಾರಿನಲ್ಲೇ ನಿಲ್ಲಿಸಬೇಕಾದರೆ ಪೆಡಲ್ ಒತ್ತಿ ಹಿಡಿದು ಹ್ಯಾಂಡ್‌ಬ್ರೇಕ್ ಎಳೆಯಿರಿ, ನ್ಯೂಟ್ರಲ್‌ಗೆ ತನ್ನಿ, ಪೆಡಲನ್ನು ನಿಧಾನವಾಗಿ ಬಿಡಿ. ಕಾರಿನ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕುಳಿತದ್ದು ಖಾತ್ರಿಯಾದ ಮೇಲೆ ಗೇರ್: ಮೂತಿ ಏರಿನ ಕಡೆಗಿದ್ದರೆ ಒಂದನೆಯದು, ಇಳಿಕೆಯ ಕಡೆಗಿದ್ದರೆ ರಿವರ್ಸ್.

ಮಂಗಳೂರಿನಿಂದ

ಘಟ್ಟ ಎಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕೊಟ್ಟಿಗೆಹಾರದಲ್ಲಿ ಚಹಾ ಕುಡಿದು ಚಾರ್ಮಾಡಿ ಇಳಿಯುತ್ತಿದ್ದೆವು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಉರಿಯುತ್ತಿದೆ ಎಂದು ಮಗ ಎರಡು ಸಲ ಹೇಳಿದ. ಸೆನ್ಸರ್ ಕೆಟ್ಟಿರಬೇಕು ಎಂದು ನಾನು ದೊಡ್ಡವನಂತೆ ಉತ್ತರ ಕೊಟ್ಟೆ. ಲಿವರ್ ಒಂದು ಹಲ್ಲು ಮೇಲೆಯೇ ಉಳಿದಿತ್ತು. ಆರೇಳು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ. ಪೆಡಲ್ ಒದ್ದೆ ಹತ್ತಿಯನ್ನು ತುಳಿದಂತೆ ಮೆತ್ತಗಾಯಿತು. ಒಂದನೇ ಗೇರಿಗೆ ಇಳಿಸಿ, ಅಗಲವಿದ್ದ ಕಡೆ ನಿಲ್ಲಿಸಿ, ಮುಕ್ಕಾಲು ಗಂಟೆ ಕೋತಿಗಳನ್ನು ನೋಡುತ್ತಾ ಕುಳಿತೆವು. ಕಾದ ಡ್ರಮ್ಮಿಗೆ ನೀರು ಹಾಕಬೇಡಿ, ಬಿರುಕು ಬಿಡಬಹುದು.

ಆಗ ಕಲಿತದ್ದು: ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಡಾಟ್ 4 ದರ್ಜೆಯದ್ದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಗುಳ್ಳೆ, ಗುಳ್ಳೆ ಬಂದರೆ ಪೆಡಲ್ ಮೆತ್ತಗೆ. ನನ್ನದು ಐದು ವರ್ಷ ಹಳೆಯದಾಗಿತ್ತು. ಈಗ ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಅಂದ ಹಾಗೆ ಆ ಕೆಂಪು ದೀಪ ಹಲವು ಕಾರುಗಳಲ್ಲಿ ಆಯಿಲ್ ಕಡಿಮೆಯಾದರೂ ಉರಿಯುತ್ತದೆ. ಸುಮ್ಮನೆ ಮೇಲಿಂದ ಸುರಿದು ದೀಪ ಆರಿಸಬೇಡಿ. ಡಿಸ್ಕ್ ಹಿಡಿಯುವ ಪ್ಯಾಡ್ ಸವೆದಿದೆಯೋ ಎಲ್ಲಾದರೂ ಸೋರುತ್ತಿದೆಯೋ ನೋಡಿಸಿ.

ಹೊರಡುವ ಮೊದಲು ಅಂಗಳದಲ್ಲೇ ಪೆಡಲ್ ಪರೀಕ್ಷೆ ಮಾಡಿ. ಎಂಜಿನ್ ಆರಿಸಿ ಐದಾರು ಸಲ ತುಳಿಯಿರಿ, ಗಟ್ಟಿಯಾಗುತ್ತದೆ. ಒತ್ತಿ ಹಿಡಿದುಕೊಂಡೇ ಎಂಜಿನ್ ಚಾಲೂ ಮಾಡಿದರೆ ಪೆಡಲ್ ಕಾಲಡಿ ತುಸು ಇಳಿಯಬೇಕು. ಇಳಿಯದೆ ಕಲ್ಲಿನಂತೆಯೇ ಇದ್ದರೆ ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರ್ ಅಥವಾ ಅದರ ಗಾಳಿಕೊಳವೆಯಲ್ಲಿ ದೋಷ. ಒತ್ತಿ ಹಿಡಿದಾಗ ನಿಧಾನವಾಗಿ ನೆಲದ ಕಡೆಗೆ ಮುಳುಗುತ್ತಲೇ ಹೋದರೆ ಸೋರಿಕೆ, ಇಲ್ಲವೇ ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಹಾಗಿದ್ದರೆ ಕುಮಟಾಕ್ಕೆ ಬಸ್ಸಿನಲ್ಲಿ ಹೋಗಿ.

ಬೆಂಗಳೂರಿನಿಂದ

ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇರುವವರಿಗೆ ಒಂದೇ ಮಾತು. ಅದರ ಮೋಟರ್ ಹಿಂದಿನ ಬ್ರೇಕಿನಲ್ಲೇ ಇದ್ದರೆ, ಪ್ಯಾಡ್ ಬದಲಿಸುವಾಗ ಅದನ್ನು ಸರ್ವಿಸ್ ಸ್ಥಿತಿಗೆ, ಅಂದರೆ ಮೋಟರ್ ಪೂರ್ತಿ ಹಿಂದೆ ಸರಿದ ಸ್ಥಿತಿಗೆ, ತರಬೇಕು. ಬೀದಿ ಬದಿಯಲ್ಲಿ ಪಿಸ್ಟನ್ ಒತ್ತಿ ತಳ್ಳಿಸಿ ನಾನು ಒಂದು ಮೋಟರ್ ಕಳೆದುಕೊಂಡೆ.

ಮತ್ತೆ ಶಿರಸಿಯಿಂದ

ಎಲ್ಲರಿಗೂ ಧನ್ಯವಾದ. ಬೇರೆ ಗ್ಯಾರೇಜಿನಲ್ಲಿ ಡ್ರಮ್ ಬಿಚ್ಚಿಸಿದೆ. ಎಡಗಡೆಯ ಒಂದು ಲೈನಿಂಗ್ ಅರ್ಧ ಎದ್ದು, ಹಳೆಯ ಚಪ್ಪಲಿಯ ಅಟ್ಟೆಯಂತೆ ಬಾಯಿ ತೆರೆದಿತ್ತು. ಅಡ್ಜಸ್ಟರಿನ ಹಲ್ಲಿನ ಚಕ್ರ ತಿರುಗುತ್ತಲೇ ಇರಲಿಲ್ಲ. ಸಿಲಿಂಡರ್ ಒಣಗಿತ್ತು, ಅಷ್ಟು ಪುಣ್ಯ. ಎರಡೂ ಕಡೆ ಹೊಸ ಶೂ, ಹೊಸ ಆಯಿಲ್, ಕೊನೆಯಲ್ಲಿ ಕೇಬಲ್. ಲಿವರ್ ಈಗ ಆರನೇ ಹಲ್ಲಿಗೆ ನಿಲ್ಲುತ್ತದೆ, ಪೆಡಲ್ ಮೇಲೆಯೇ ಹಿಡಿಯುತ್ತದೆ. ನಿನ್ನೆ ದೇವಿಮನೆ ಎರಡನೇ ಗೇರಿನಲ್ಲಿ ಇಳಿದು ಬಂದೆವು. ಬೆಣೆಗೆ ಹಲಸಿನ ತುಂಡು ಸಿಕ್ಕಿದೆ, ಆಚಾರಿಯ ಬಳಿ ಕೊಟ್ಟಿದ್ದೇನೆ.