ಅಪ್‌ಡೇಟ್: ಅಣ್ಣ ಕೊಟ್ಟ ಪತ್ರಕ್ಕೆ ಸಹಿ ಹಾಕಲಿಲ್ಲ

ತೀರ್ಥಹಳ್ಳಿ ಹತ್ತಿರದ ಅಜ್ಜನ ಕಾಲದ ಅಡಿಕೆ ತೋಟದ ಹಕ್ಕು ಬಿಡುಗಡೆ ಪತ್ರಕ್ಕೆ ಅಣ್ಣ ಸಹಿ ಕೇಳುತ್ತಿದ್ದಾನೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ‘ಅಪ್ಪ 2003ರಲ್ಲೇ ಹೋದರು, ನಿನಗೆ ಪಾಲಿಲ್ಲ’ ಅನ್ನೋದು ಅವನ ವಾದ.

ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ನನಗೆ ಗೊತ್ತೇ ಇರಲಿಲ್ಲ, ಸುಮ್ನೆ ಎರಡು ತಿಂಗಳು ನಿದ್ದೆಗೆಟ್ಟೆ!

ವಕೀಲರು ಪಹಣಿ ತಿರುವಿ ಹಾಕಿ ಮೊದಲು ಕೇಳಿದ್ದು, 20-12-2004ಕ್ಕಿಂತ ಮುಂಚೆ ನೋಂದಣಿ ಆದ ಪಾಲುಪತ್ರ ಇದೆಯಾ ಅಂತ. ಇಲ್ಲ. ಹಾಗಾದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ನನಗೂ ಅನ್ವಯ. ಅಪ್ಪ ಆಗ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆಯಂತೆ.

ಕೇಸು ಹಾಕಿಲ್ಲ, ಮೊದಲು ರಾಜಿ ಮಾತುಕತೆ. ಅತ್ತಿಗೆ ಮಾತು ಬಿಟ್ಟಿದ್ದಾರೆ. ಅಣ್ಣ ಮಾತ್ರ ನಿನ್ನೆ ಬಸ್ಸಲ್ಲಿ ಒಂದು ಚೀಲ ಸುಲಿದ ಅಡಿಕೆ ಕಳಿಸಿದ.